ಏಳು ಮೀಟರ್

ಗಾಡಿಯ ಹೊಟ್ಟೆಯಲ್ಲಿ ನಾಲ್ಕೂವರೆ ಸಾವಿರ ಲೀಟರ್.
ಕೇಳಲಿಕ್ಕೆ ಕೆರೆ. ಬೆಂಕಿಯ ಎದುರು
ಆರೇಳು ನಿಮಿಷ.
ಬಂದರಿನ ಗೋಣಿ ಗೋದಾಮು ಉರಿದ ರಾತ್ರಿ
ಎಂಟನೆಯ ನಿಮಿಷಕ್ಕೆ ಪೈಪು ಕೆಮ್ಮಿತು,
ಗಾಳಿ ಉಗುಳಿತು.

ಪಟ್ಟಿಯಲ್ಲಿ ಹೈಡ್ರಂಟ್ ಒಂದು ಉಂಟು, ಅದೇ ಬೀದಿಯಲ್ಲಿ.
ಟಾರ್ಚು ಹಿಡಿದು ಹುಡುಕಿದರು. ಸಿಕ್ಕಿದ್ದು
ಹೋದ ವರ್ಷ ಹಾಸಿದ ಕಾಂಕ್ರೀಟು,
ಒಣಗುವ ಮುಂಚೆ ಅದರ ಮೇಲೆ ನಡೆದ ನಾಯಿಯ ಹೆಜ್ಜೆ.
ಅರುವತ್ತು ಮಾರು ಆಚೆ
ಐಸಮ್ಮನ ಅಡುಗೆಮನೆಯ ಹಿಂದೆ ಬಾವಿ ತುಂಬಿತ್ತು.
ಇವರು ಕೇಳಲಿಲ್ಲ. ಅವರು ಹೇಳಲಿಲ್ಲ.
ಬೆಂಕಿಯವರಿಗೂ ಬಾವಿ ಬೇಕೆಂದು ಯಾರಿಗೆ ಗೊತ್ತು?

ನಾನು ಭೂಗೋಳದ ಟೀಚರು.
ಇಪ್ಪತ್ತೆರಡು ವರ್ಷ ನೈಲ್ ನದಿಯ ಉದ್ದ ಬಾಯಿಪಾಠ ಮಾಡಿಸಿದ್ದೇನೆ,
ಶಾಲೆಯ ಹಿಂದಿನ ಬಾವಿಯ ಆಳ ಕೇಳಿದ್ದಿಲ್ಲ.

ಹಾಗೆ ಶುರುವಾಯಿತು. ಭಾನುವಾರಗಳು.
ಮೀಟರಿಗೊಂದು ಗಂಟು ಹಾಕಿದ ಹಗ್ಗ, ತುದಿಗೆ ತಕ್ಕಡಿಯ ಬೊಟ್ಟು,
ಯಾರೂ ಬರೆಯಬಹುದಾದ, ಯಾರೂ ಓದಬಹುದಾದ
ಒಂದು ನಕ್ಷೆ ಫೋನಿನಲ್ಲಿ,
ಜೊತೆಗೆ ಠಾಣೆಯ ಶೀನಣ್ಣ, ರಜೆಯ ದಿನವೂ ಬೂಟು ಹಾಕಿಕೊಂಡು.
ಅವನು ಹೇಳಿದ್ದು: ಪಂಪಿನ ಉಸಿರು ಏಳು ಮೀಟರ್, ಟೀಚರ್.
ನೀರು ಅದಕ್ಕಿಂತ ಕೆಳಗೆ ಇಳಿದರೆ
ಇದ್ದೂ ಇಲ್ಲ.

ಹಾಗಾಗಿ ಜನವರಿಯ ಬಾವಿ ಬೇರೆ, ಮೇ ತಿಂಗಳಿನದ್ದು ಬೇರೆ.
ಎರಡು ಸಲ ಹೋದೆವು ಎಲ್ಲರ ಮನೆಗೆ,
ಎರಡು ಸಲ ಕುಡಿದೆವು ಎಲ್ಲರ ಶರಬತ್ತು.

ಬೋಳಾರದ ಹೊಳೆಬದಿಯ ಜಲಜಕ್ಕ ನಾಚಿಕೊಂಡರು,
ನಮ್ಮದು ಉಪ್ಪು ನೀರು ಮಾರ್ರೆ.
ಬೆಂಕಿಗೆ ನಾಲಗೆ ಉಂಟು, ರುಚಿ ಇಲ್ಲ, ಎಂದ ಶೀನಣ್ಣ.
ಲಿಗೋರಿಯವರ ಬಾವಿಗೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ,
ಬೀಗದ ಕೈ ತಂಗಿಯ ಹತ್ತಿರ, ತಂಗಿ ಕುವೈತಿನಲ್ಲಿ.
ಸೆವ್ರಿನ್ ಬಾಯಿ ಬಾಗಿಲಲ್ಲೇ ತಡೆದರು:
ಇದನ್ನು ಹಾಕಬೇಡಿ. ನನ್ನ ನಾದಿನಿ ಇದರಲ್ಲಿ...
ಹಾಕಲಿಲ್ಲ. ವಾರ ಕಳೆದು ಅವರದ್ದೇ ಫೋನು:
ಹಾಕಿ ಟೀಚರ್. ನೀರಿನದ್ದು ಎಂತ ತಪ್ಪು.

ಒಂದು ರಾತ್ರಿ, ಯಾವ ದೇಶದವನೋ,
ಉಪಗ್ರಹದ ಚಿತ್ರ ನೋಡಿ ನನ್ನ ಬಾವಿಯನ್ನು
ಮೂರು ಮೀಟರ್ ಎತ್ತಿ ಪಕ್ಕದ ಮನೆಯ ಮಾಡಿನ ಮೇಲಿಟ್ಟ.
ಇಳಿಸಿ ತಂದೆ. ಟಿಪ್ಪಣಿ ಬರೆದೆ:
ನಾನು ಬಗ್ಗಿ ನೋಡಿದ್ದೇನೆ.

ಮಣ್ಣಗುಡ್ಡೆಯ ದೊಡ್ಡ ಮನೆ ಕೊನೆಗೆ ಉಳಿಯಿತು.
ಮುರಕಲ್ಲಿನ ಬಾವಿ, ಆನೆ ಇಳಿಯುವಷ್ಟು ಅಗಲ.
ಪ್ರವೇಶ ಯಾರಿಗೆ ಎಂದು ಕೇಳುತ್ತದೆ ನಕ್ಷೆ:
ಎಲ್ಲರಿಗೂ, ಮನೆಯವರಿಗೆ, ಒಪ್ಪಿಗೆ ಪಡೆದವರಿಗೆ.
ಎಲ್ಲರಿಗೂ ಅಂತಲೇ ಹಾಕಿ, ಎಂದರು ಈಗಿನ ಯಜಮಾನರು,
ಒಳ್ಳೆಯವರು, ಚಹಾ ತರಲು ಒಳಗೆ ಹೋದರು.
ತಿರುಗಿದರೆ ಶೀನಣ್ಣ ಬಾವಿಯ ಹತ್ತಿರ ಇಲ್ಲ.
ಗೇಟಿನ ಒಳಗೆ, ನೇರಳೆ ಮರದ ಬುಡದಲ್ಲಿ ನಿಂತಿದ್ದ.

ಗಾಡಿ ಇಲ್ಲಿ ನಿಲ್ಲಬೇಕು, ಎಂದ.
ಇಲ್ಲಿಂದ ಹೋಸು ಮುಟ್ಟುತ್ತದೆ.
ಆಮೇಲೆ ಬೂಟಿನ ತುದಿ ನೋಡುತ್ತ:
ನನ್ನ ಅಜ್ಜಿ ಕೊಡ ಇಟ್ಟು ಕಾಯುತ್ತಿದ್ದದ್ದೂ ಇಲ್ಲಿಯೇ.
ಇದರಿಂದ ಮುಂದೆ ಇಲ್ಲ. ಯಾರಾದರೂ ಸೇದಿ ಹೊಯ್ಯಬೇಕು.
ಮಧ್ಯಾಹ್ನ ಆಗುತ್ತಿತ್ತಂತೆ ಕೆಲವು ದಿನ.

ನಾನು ಹಗ್ಗ ಚಾಚಿದೆ.
ಅವನು ಬಂದ, ಕಟ್ಟೆಗೆ ಮೊಣಕಾಲು ಕೊಟ್ಟು
ಗಂಟು ಗಂಟಾಗಿ ಇಳಿಸಿದ.
ಬೊಟ್ಟು ನೀರು ಮುಟ್ಟಿದ ಸದ್ದು.
ಆರು ಮೀಟರ್ ಇಪ್ಪತ್ತು. ಎಳೆಯುತ್ತದೆ.

ಬಾವಿಗೆ ಒಂದು ಬಿಂದು ಇಟ್ಟೆ,
ನೇರಳೆ ಬುಡಕ್ಕೆ ಇನ್ನೊಂದು, ಗಾಡಿ ನಿಲ್ಲುವ ಜಾಗ.
ಹೆಸರು ಎಂಬಲ್ಲಿ ಖಾಲಿ ಬಿಟ್ಟಿದ್ದೆ.
ಮರುದಿನ ನೋಡಿದರೆ ತುಂಬಿತ್ತು: ತನಿಯರು ಕಟ್ಟೆ.
ತನಿಯಾರು ಎಂದಾಗಬೇಕು, ದೀರ್ಘ ತಪ್ಪಿದೆ.
ಕಟ್ಟೆಯೂ ಇಲ್ಲ ಅಲ್ಲಿ, ಬರೀ ಬೇರು.
ಕೆಂಪು ಪೆನ್ನಿನ ಕೈ ನನ್ನದು.
ತಿದ್ದಲಿಲ್ಲ.